ಹಳೇ ಬ್ಯಾಟ್‌ಮನ್ ಸೀರಿಯಲ್‌ನ ಅತಿಥಿ ವಿಲನ್‌ಗಳು: ನಿಮ್ಮ ಓಟು ಯಾರಿಗೆ?

ರೀಲು ಬಿಡೋನು

ಹೋದ ತಿಂಗಳಿಂದ ರಾತ್ರಿ ಊಟ ಆದ ಮೇಲೆ ಮಗಳ ಜೊತೆ ಕೂತು 1966ರ ಬ್ಯಾಟ್‌ಮನ್ ಸೀರಿಯಲ್ ನೋಡುತ್ತಿದ್ದೇನೆ. ಅದೇ, ಆಡಮ್ ವೆಸ್ಟ್ ಬೂದು ಬಣ್ಣದ ಬಿಗಿ ಬಟ್ಟೆ ಹಾಕಿಕೊಂಡು ಪಂಚಾಯ್ತಿ ಅಧ್ಯಕ್ಷರ ಹಾಗೆ ಗಂಭೀರವಾಗಿ ಮಾತಾಡುವುದು. ಹೊಡೆದಾಟ ಶುರುವಾದರೆ ಪರದೆ ತುಂಬ "ಪೌ!", "ಬ್ಯಾಮ್!" ಅಂತ ದಪ್ಪ ಅಕ್ಷರ ಹಾರುವುದು. ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಬ್ಯಾಟ್‌ಮನ್ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ದಿನಾ ಕೇಳುವುದು ಒಂದೇ: "ಅಪ್ಪಾ, ಇವತ್ತು ಕಳ್ಳ ಯಾರು?"

ಅವಳು ಕೇಳುವುದು ಸರಿಯಾಗೇ ಇದೆ. ಇದು ಹೆಸರಿಗೆ ಬ್ಯಾಟ್‌ಮನ್ ಸೀರಿಯಲ್, ನಡೆಸುತ್ತಿದ್ದವರು ವಿಲನ್‌ಗಳು. ಟೈಟಲ್ ಕಾರ್ಡಿನಲ್ಲೇ "ವಿಶೇಷ ಅತಿಥಿ ಖಳನಾಯಕ" ಅಂತ ಬೇರೆ ಹಾಕುತ್ತಿದ್ದರು. ಎಬಿಸಿ ಚಾನೆಲ್‌ನಲ್ಲಿ 1966ರ ಜನವರಿ 12ರಂದು ಶುರು, 1968ರ ಮಾರ್ಚ್ 14ಕ್ಕೆ ಮುಕ್ತಾಯ. ಮೂರು ಸೀಸನ್, 120 ಕಂತು. ಇಷ್ಟರೊಳಗೆ ಹಾಲಿವುಡ್ಡಿನ ಅರ್ಧ ಜನ ಗಾಥಮ್ ನಗರಕ್ಕೆ ಬಂದು ಕದ್ದು, ಒದೆ ತಿಂದು, ಜೈಲಿಗೆ ಹೋದರು.

ನನ್ನ ಓಟು ಕಿಂಗ್ ಟಟ್‌ಗೆ, ಅಂದರೆ ವಿಕ್ಟರ್ ಬುವೊನೊಗೆ. ಕಾಮಿಕ್ಸ್‌ನಲ್ಲಿ ಇಲ್ಲದ ಪಾತ್ರ, ಸೀರಿಯಲ್‌ಗೆಂದೇ ಹುಟ್ಟಿಸಿದ್ದು. ಯೇಲ್ ವಿಶ್ವವಿದ್ಯಾಲಯದಲ್ಲಿ ಈಜಿಪ್ಟ್ ಇತಿಹಾಸ ಪಾಠ ಮಾಡುವ ಸಾಧು ಪ್ರೊಫೆಸರ್. ವಿದ್ಯಾರ್ಥಿಗಳ ಗಲಾಟೆಯಲ್ಲಿ ತಲೆಗೆ ಇಟ್ಟಿಗೆ ಬೀಳುತ್ತದೆ. ಅಲ್ಲಿಂದ ತಾನೇ ಫೇರೋ, ಅಂದರೆ ಹಳೇ ಈಜಿಪ್ಟಿನ ರಾಜ, ಅಂದುಕೊಳ್ಳುತ್ತಾನೆ. ಮತ್ತೆ ಪೆಟ್ಟು ಬಿದ್ದರೆ ಪ್ರೊಫೆಸರ್, ಇನ್ನೊಂದು ಬಿದ್ದರೆ ಫೇರೋ. ಸ್ವಿಚ್ ಇದ್ದ ಹಾಗೆ.

ನೀವು ಹೇಳಿ. ಜೋಕರ್, ಪೆಂಗ್ವಿನ್ ಅನ್ನುವವರು ಕಾರಣ ಸಮೇತ ಹೇಳಿ, ಸುಮ್ನೆ ಹೆಸರು ಹಾಕಿ ಓಡಬೇಡಿ.

ಕರಾವಳಿ ಕಾಗೆ

ಕಾರಣ ಬೇಕಾ? ತಗೊಳ್ಳಿ. ಸೀಸರ್ ರೊಮೆರೊ ಮೀಸೆ.

ಜೋಕರ್ ಪಾತ್ರಕ್ಕೆ ಮೀಸೆ ತೆಗೆಯಬೇಕು ಅಂದರೆ ಆಗಲ್ಲ ಅಂದುಬಿಟ್ಟ. ಅವನ ಮೀಸೆ ಅವನ ಬ್ರ್ಯಾಂಡು, ವರ್ಷಾನುಗಟ್ಟಲೆ ಅದರಲ್ಲೇ ಹೀರೋ ಆಗಿ ಬದುಕಿದವನು. ಕೊನೆಗೆ ಮೀಸೆಯ ಮೇಲೇ ಬಿಳಿ ಬಣ್ಣ ಬಳಿದರು. ಆಗಿನ ಟೀವಿಯಲ್ಲಿ ಕಾಣುತ್ತಿತ್ತೋ ಏನೋ. ಈಗಿನ ಬ್ಲೂರೇ ಪ್ರಿಂಟ್‌ನಲ್ಲಿ ನೋಡಿ: ಹತ್ತಿರದ ಶಾಟ್ ಬಂದಾಗಲೆಲ್ಲ ಮೇಲ್ದುಟಿಯ ಮೇಲೆ ಸುಣ್ಣ ಬಳಿದ ಗೋಡೆಯಲ್ಲಿ ಹಳೇ ಬರಹ ಇಣುಕಿದ ಹಾಗೆ ಕೂದಲು ಎದ್ದು ಕಾಣುತ್ತದೆ. ನಕ್ಕರೆ ಬಣ್ಣ ಬಿರಿಯುತ್ತದೆ. ಅಂಥವನು ಇನ್ನೊಂದು ಕಡೆ ಕುಣಿದಾಡಿ, ಕೀರಲು ದನಿಯಲ್ಲಿ ಹೂ ಹೂ ಅಂತ ನಗುತ್ತಾನೆ. ಆಗ ಅವನಿಗೆ ಅರವತ್ತರ ಹತ್ತಿರ ವಯಸ್ಸು.

ಸಮುದ್ರದಲ್ಲಿ ಸರ್ಫಿಂಗ್ ಸ್ಪರ್ಧೆ ಮಾಡುವ ಕಂತು ನೋಡಿದ್ದೀರಾ? ಸೂಟಿನ ಮೇಲೇ ಚಡ್ಡಿ ಹಾಕಿಕೊಂಡು ಬರುತ್ತಾನೆ. ಬ್ಯಾಟ್‌ಮನ್ನೂ ಹಾಗೇ, ಪೂರ್ತಿ ವೇಷದ ಮೇಲೆ ಚಡ್ಡಿ. ಇಬ್ಬರ ಮುಖದಲ್ಲೂ ನಗು ಇಲ್ಲ. ನಮ್ಮೂರ ಬಯಲಾಟದಲ್ಲಿ ಬಣ್ಣದ ವೇಷದವರು ರಂಗಕ್ಕೆ ಬರುವಾಗ ನನಗೆ ಇದೇ ಖುಷಿ. ರಾಕ್ಷಸ ಬಂದ ಮೇಲೇ ನಿದ್ದೆ ಮಾಡುತ್ತಿದ್ದ ಮಕ್ಕಳು ಎದ್ದು ಕೂರುವುದು.

ಸಿಟಿ ಬಸ್ ಸುಬ್ಬಿ

ಕ್ಯಾಟ್‌ವುಮನ್ ಹೆಸರು ಇನ್ನೂ ಬಂದಿಲ್ಲವಲ್ಲ, ಏನ್ರೀ ಇದು! ಜೂಲಿ ನ್ಯೂಮಾರ್, ಆಮೇಲೆ ಲೀ ಮೆರಿವೆದರ್, ಆಮೇಲೆ ಅರ್ಥಾ ಕಿಟ್. ಮೂರು ಸೀಸನ್‌ಗೆ ಮೂವರು. ನನ್ನ ಓಟು ಮೂವರಿಗೂ.

ಬೇ ಏರಿಯಾ ಭಾವ

ಸುಬ್ಬಿ ಅವರೇ, ಸಣ್ಣ ತಿದ್ದುಪಡಿ. ಮೊದಲ ಎರಡೂ ಸೀಸನ್ ನ್ಯೂಮಾರ್ ಅವರದೇ. ಮೆರಿವೆದರ್ ಕ್ಯಾಟ್‌ವುಮನ್ ಆಗಿದ್ದು ಸೀರಿಯಲ್‌ನಲ್ಲಿ ಅಲ್ಲ, 1966ರ ಬೇಸಿಗೆಯಲ್ಲಿ ಬಂದ ಸಿನಿಮಾದಲ್ಲಿ. ಆಕೆ 1955ರ ಮಿಸ್ ಅಮೆರಿಕ. ಸೀರಿಯಲ್‌ಗೂ ಬಂದಿದ್ದಾರೆ, ಆದರೆ ಬೇರೆ ಪಾತ್ರದಲ್ಲಿ. ಕಿಂಗ್ ಟಟ್ ಕಣ್ಣು ಹಾಕಿ ಹೊತ್ತೊಯ್ಯುವ ಶ್ರೀಮಂತರ ಮನೆ ಹುಡುಗಿಯಾಗಿ. ಮೂರನೇ ಸೀಸನ್ ಹೊತ್ತಿಗೆ ನ್ಯೂಮಾರ್ ಒಂದು ಕೌಬಾಯ್ ಸಿನಿಮಾ ಶೂಟಿಂಗ್‌ಗೆ ಹೋಗಿದ್ದರು. ಆ ಜಾಗಕ್ಕೆ ಅರ್ಥಾ ಕಿಟ್ ಬಂದರು.

ನ್ಯೂಮಾರ್‌ಗೆ ಮೊದಲು ಈ ಸೀರಿಯಲ್ ಏನು ಅಂತಲೇ ಗೊತ್ತಿರಲಿಲ್ಲವಂತೆ. ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಆಕೆಯ ತಮ್ಮ ತನ್ನ ಗೆಳೆಯರ ಜೊತೆ ಮನೆಗೆ ಬಂದಿದ್ದಾಗ ಫೋನ್ ಬಂತು. ವಿಷಯ ಕೇಳಿದ್ದೇ ಆ ಹುಡುಗರು ಸೋಫಾದಿಂದ ಎದ್ದು ಹೋಗು ಹೋಗು ಅಂದರಂತೆ. ಆಕೆ ಹಾಕಿದ ಆ ಮಿರಿಮಿರಿ ಕಪ್ಪು ಬಟ್ಟೆ ಈಗ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ಸಿಟಿ ಬಸ್ ಸುಬ್ಬಿ

ತಪ್ಪಾಯ್ತು ಭಾವ, ಒಪ್ಪಿದೆ. ಹಾಗಾದರೆ ಒಂದೇ ಓಟು, ಅರ್ಥಾ ಕಿಟ್‌ಗೆ. "ಪರ್‌ಫೆಕ್ಟ್" ಅನ್ನುವ ಪದದಲ್ಲಿ ಆ ಮೊದಲ ಅಕ್ಷರವನ್ನು ಬೆಕ್ಕು ಗುರುಗುಟ್ಟಿದ ಹಾಗೆ ಎಳೆಯುತ್ತಾರಲ್ಲ, ಅದನ್ನು ಇನ್ನೊಬ್ಬರು ಮಾಡಕ್ಕಾಗಲ್ಲ. ನ್ಯೂಮಾರ್ ಬೆಕ್ಕು ಮಡಿಲಲ್ಲಿ ಬಂದು ಕೂರುವ ಬೆಕ್ಕು. ಕಿಟ್ ಬೆಕ್ಕು ಪರಚುವ ಬೆಕ್ಕು.

ಬೇ ಏರಿಯಾ ಭಾವ

ಚೆನ್ನಾಗಿ ಹೇಳಿದಿರಿ. ಅದರ ಹಿಂದೆ ಇನ್ನೊಂದು ಕಥೆಯೂ ಇದೆ. ನ್ಯೂಮಾರ್ ಇದ್ದಾಗ ಬ್ಯಾಟ್‌ಮನ್‌ಗೂ ಕ್ಯಾಟ್‌ವುಮನ್‌ಗೂ ಒಳಗೊಳಗೇ ಪ್ರೀತಿ ನಡೆಯುತ್ತಿತ್ತು. ಕಿಟ್ ಬಂದ ಮೇಲೆ ಅದು ಪೂರ್ತಿ ಮಾಯ. 1967ರ ಅಮೆರಿಕದ ಟೀವಿಯಲ್ಲಿ ಕಪ್ಪು ಹೆಣ್ಣು, ಬಿಳಿ ಗಂಡು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಆದರೆ ಅದೇ ಕಾರಣಕ್ಕೆ ಕಿಟ್ ಪಾತ್ರ ನೆಟ್ಟಗೆ ನಿಂತಿತು ಅನ್ನಿಸುತ್ತದೆ ನನಗೆ. ಈ ಕ್ಯಾಟ್‌ವುಮನ್‌ಗೆ ಬ್ಯಾಟ್‌ಮನ್ ಬೇಕಾಗಿಲ್ಲ, ಗಾಥಮ್ ಬೇಕು.

ಕಿಟ್ ಅವರ ಮೊದಲ ಕಂತು 1967ರ ಡಿಸೆಂಬರ್‌ನಲ್ಲಿ ಬಂತು. ಮುಂದಿನ ತಿಂಗಳೇ, 1968ರ ಜನವರಿಯಲ್ಲಿ, ವೈಟ್ ಹೌಸ್ ಊಟಕ್ಕೆ ಕರೆದಾಗ ಅಧ್ಯಕ್ಷರ ಹೆಂಡತಿ ಲೇಡಿ ಬರ್ಡ್ ಜಾನ್ಸನ್ ಎದುರಿಗೇ ವಿಯೆಟ್ನಾಂ ಯುದ್ಧದ ಬಗ್ಗೆ ಖಾರವಾಗಿ ಮಾತಾಡಿದರು. ಅದಾದ ಮೇಲೆ ಅಮೆರಿಕದಲ್ಲಿ ಆಕೆಗೆ ಕೆಲಸ ಸಿಗುವುದೇ ಕಷ್ಟವಾಯಿತು. ವರ್ಷಗಟ್ಟಲೆ ಯೂರೋಪಿನಲ್ಲಿ ಹಾಡಿಕೊಂಡು ಇರಬೇಕಾಯಿತು.

ಮೊಟ್ಟೆ ಮಾಸ್ತರ್

ನನ್ನ ಹೆಸರು ನೋಡಿದರೇ ಗೊತ್ತಾಗಬೇಕು. ವಿನ್ಸೆಂಟ್ ಪ್ರೈಸ್, ಎಗ್‌ಹೆಡ್. ಭೂತದ ಸಿನಿಮಾಗಳಲ್ಲಿ ಜನರ ಎದೆ ನಡುಗಿಸಿದವನು ಇಲ್ಲಿ ಉದ್ದನೆ ಬೋಳು ತಲೆ ಅಂಟಿಸಿಕೊಂಡು, ಮೊಟ್ಟೆ ಹಿಡಿದುಕೊಂಡು, ಮಾತಿಗೊಮ್ಮೆ "ಎಗ್‌ಜ್ಯಾಕ್ಟ್ಲಿ" ಅನ್ನುತ್ತಾನೆ. ಅತ್ಯಂತ ಕೆಟ್ಟ ಜೋಕನ್ನು ಅತ್ಯಂತ ಒಳ್ಳೆ ಗಂಟಲಿನಲ್ಲಿ ಹೇಳುವುದು ಒಂದು ವಿದ್ಯೆ. ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ, ನನಗೆ ಬರಲಿಲ್ಲ.

ಖಾಲಿ ಕುರ್ಚಿ

ಎಲ್ಲರೂ ಹೊಗಳುತ್ತಿದ್ದೀರಿ, ನಾನೊಂದು ತಕರಾರು ಹಾಕುತ್ತೇನೆ. ದೊಡ್ಡ ಹೆಸರಿನವರನ್ನು ಕರೆಸಿದ್ದೇ ಈ ಸೀರಿಯಲ್ ಹಾಳಾಗಲು ಕಾರಣ. ಮೊದಲು ಪಾತ್ರ ಇತ್ತು, ಅದಕ್ಕೆ ನಟ ಬಂದ. ಆಮೇಲೆ ಸ್ಟಾರ್ ಬಂದ, ಅವನ ಅಳತೆಗೆ ಪಾತ್ರ ಹೊಲಿದರು. ಲಿಬರಾಚಿ ಪಿಯಾನೋ ನುಡಿಸುವವನು, ಆದ್ದರಿಂದ ವಿಲನ್ನೂ ಪಿಯಾನೋ ನುಡಿಸುವವನು. ಟಲ್ಲೂಲಾ ಬ್ಯಾಂಕ್‌ಹೆಡ್ ಅಂಥ ರಂಗಭೂಮಿ ಹೆಂಗಸು ಬ್ಲ್ಯಾಕ್ ವಿಡೋ ಅಂತ ಬಂದು ದಣಿದ ದನಿಯಲ್ಲಿ ಡೈಲಾಗ್ ಒಪ್ಪಿಸಿ ಹೋದರು. ಮರುವರ್ಷ ತೀರಿಕೊಂಡರು. ಆ ಕಂತುಗಳೇ ಅವರ ಕೊನೇ ನಟನೆ. ನೋಡುವಾಗ ನನಗೆ ನಗು ಬರಲಿಲ್ಲ, ಸಂಕಟ ಆಯಿತು.

ಮೂರನೇ ಸೀಸನ್ನಂತೂ ಕೇಳಬೇಡಿ. ಮೊದಲೆರಡು ಸೀಸನ್‌ನಲ್ಲಿ ಬುಧವಾರ ಬ್ಯಾಟ್‌ಮನ್ ಸಿಕ್ಕಿಬೀಳುತ್ತಿದ್ದ, ಗುರುವಾರ ಬಿಡಿಸಿಕೊಳ್ಳುತ್ತಿದ್ದ. ಮೂರನೆಯದರಲ್ಲಿ ವಾರಕ್ಕೆ ಒಂದೇ ಕಂತು, ದುಡ್ಡೂ ಇಲ್ಲ. ವಿಲನ್ ಅಡ್ಡಾ ಅಂದರೆ ಹಿಂದೆ ಕಪ್ಪು ಪರದೆ, ಮುಂದೆ ಎರಡು ಕುರ್ಚಿ. ಶಾಲಾ ವಾರ್ಷಿಕೋತ್ಸವಕ್ಕೂ ಇದಕ್ಕಿಂತ ಚೆನ್ನಾಗಿ ಸೆಟ್ ಹಾಕುತ್ತಾರೆ.

ರೀಲು ಬಿಡೋನು

ಕುರ್ಚಿ ಅವರೇ, ಕಪ್ಪು ಪರದೆ ವಿಷಯ ನೂರಕ್ಕೆ ನೂರು ನಿಜ. ಅದರ ಮುಂದೆ ಯಾರು ನಿಂತರೂ ಬಡವರ ಹಾಗೆ ಕಾಣುತ್ತಾರೆ.

ಆದರೆ ಲಿಬರಾಚಿ ವಿಷಯ ಒಪ್ಪಲ್ಲ. ಆ ಎರಡು ಕಂತು ಇನ್ನೊಮ್ಮೆ ನೋಡಿ. ಪಿಯಾನೋದವನಿಗೆ ಒಬ್ಬ ಅವಳಿ ಸೋದರ ಇದ್ದಾನೆ, ಹ್ಯಾರಿ. ಬಾಯಲ್ಲಿ ಸಿಗಾರ್ ಕಚ್ಚಿದ ಒರಟ. ಅದೂ ಲಿಬರಾಚಿಯೇ. ಪ್ಲಾನ್ ಏನು? ಪಾಪದ ಹ್ಯಾರಿಯೆಟ್ ಅತ್ತೆಯನ್ನು ಮದುವೆಯಾಗುವುದು, ಬ್ರೂಸ್ ವೇನ್ ಮತ್ತು ಡಿಕ್ (ಅಂದರೆ ವೇಷ ಕಳಚಿದ ಬ್ಯಾಟ್‌ಮನ್, ರಾಬಿನ್) ಇಬ್ಬರನ್ನೂ ಮುಗಿಸಿ ವೇನ್ ಆಸ್ತಿ ಹೊಡೆಯುವುದು. ಇಡೀ ಸೀರಿಯಲ್‌ನಲ್ಲೇ ಜಾಸ್ತಿ ಜನ ನೋಡಿದ್ದು ಈ ಕಂತುಗಳನ್ನು. ಹೊಲಿಸಿದ ಅಂಗಿಯೇ ಇರಬಹುದು, ಆದರೆ ಹಾಕಿಕೊಂಡವನು ಅದರಲ್ಲಿ ಕುಣಿದ.

ನನ್ನ ಲೆಕ್ಕ ಬೇರೆ. ಹೆಸರು ದೊಡ್ಡದೋ ಚಿಕ್ಕದೋ ಮುಖ್ಯವಲ್ಲ. "ನಾನು ತಮಾಷೆ ಮಾಡುತ್ತಿದ್ದೇನೆ, ನೋಡಿ" ಅಂತ ಕಣ್ಣು ಮಿಟುಕಿಸಿದವನು ಸೋತ. ತಲೆ ಮೇಲೆ ಮೊಟ್ಟೆ ಇಟ್ಟುಕೊಂಡೂ ಇದು ಜೀವನ್ಮರಣದ ಪ್ರಶ್ನೆ ಅಂತ ನಂಬಿದವನು ಗೆದ್ದ. ಬುವೊನೊಗೆ ಕಿಂಗ್ ಟಟ್ ಆದಾಗ ಬರೀ 28 ವಯಸ್ಸು, ಗೊತ್ತಾ? ಆ ದೇಹ, ಆ ದನಿ ನೋಡಿ ಐವತ್ತು ಅಂದುಕೊಂಡಿದ್ದೆ. ಅಷ್ಟರಲ್ಲಾಗಲೇ ಆಸ್ಕರ್‌ಗೆ ನಾಮಿನೇಟ್ ಆಗಿದ್ದವನು. ತನ್ನ ಪಟಾಲಂ ಮಂದಬುದ್ಧಿಯವರು ಅಂತ ಗೊತ್ತಾದಾಗಲೆಲ್ಲ ನಿಜವಾದ ಫೇರೋ ತರಹ ನೊಂದುಕೊಳ್ಳುತ್ತಾನೆ. ಬಾಯಲ್ಲಿ ಬೈಗುಳ, ಕಣ್ಣಲ್ಲಿ ನೀರು.

ಪ್ರಶ್ನೆ ಪತ್ರಿಕೆ

ಹಾಗೆ ನೋಡಿದರೆ ಒಗಟು ಹಾಕುವ ಕಳ್ಳ ರಿಡ್ಲರ್ ಆದ ಫ್ರ್ಯಾಂಕ್ ಗೋರ್ಶಿನ್ ಮುಂದೆ ಯಾರೂ ಇಲ್ಲ. ಮೊದಲ ಕಂತಿನ ವಿಲನ್ ಅವನೇ. ಆ ಒಂದು ಕಂತಿಗೆ ಟೀವಿಯ ದೊಡ್ಡ ಪ್ರಶಸ್ತಿ ಎಮ್ಮಿಗೆ ನಾಮಿನೇಷನ್ ಸಿಕ್ಕಿತು. ಮಿಮಿಕ್ರಿ ಕಲಾವಿದ. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ಮೊದಲ ಸಲ ಎಡ್ ಸಲಿವನ್ ಶೋಗೆ ಬಂದರಲ್ಲ, ಅದೇ ರಾತ್ರಿ ಅದೇ ವೇದಿಕೆಯಲ್ಲಿ ಇವನದ್ದೂ ಮಿಮಿಕ್ರಿ ಇತ್ತು. ಚೀರಾಡುವ ಆ ಹುಡುಗಿಯರ ನಡುವೆ!

ಅವನ ಕೈ ನೋಡಿ, ಮುಖ ನೋಡಬೇಡಿ. ಒಗಟು ಹೇಳುವಾಗ ಬೆರಳು ಒಂದೊಂದೂ ಬೇರೆ ಬೇರೆ ಪ್ರಾಣಿ ತರಹ ಆಡುತ್ತವೆ. ನಗು ಶುರುವಾಗಿ, ಏರಿ, ಥಟ್ಟನೆ ನಿಂತು ಮುಖ ಕಲ್ಲಾಗುತ್ತದೆ. ಅಲ್ಲಿ ನಿಜವಾಗಲೂ ಭಯ ಆಗುತ್ತದೆ. ಕಾಮಿಕ್ಸ್‌ನಲ್ಲಿ ರಿಡ್ಲರ್ 1948ರಲ್ಲಿ ಎರಡು ಸಲ ಮುಖ ತೋರಿಸಿ ಕಾಣೆಯಾಗಿದ್ದ. 1965ರಲ್ಲಿ ವಾಪಸ್ ಕರೆತಂದರು, ಆ ಕಥೆಯೇ ಈ ಮೊದಲ ಕಂತಾಯಿತು. ಇವತ್ತು ರಿಡ್ಲರ್ ದೊಡ್ಡ ವಿಲನ್ ಅಂತ ಎಲ್ಲರಿಗೂ ಗೊತ್ತಿದ್ದರೆ ಅದು ಗೋರ್ಶಿನ್ ಪುಣ್ಯ.

ಎರಡನೇ ಸೀಸನ್‌ನಲ್ಲಿ ಅವನು ಸಿಗದೆ ಹೋದಾಗ ಏನಾಯಿತು ನೋಡಿ. ರಿಡ್ಲರ್‌ಗೆ ಬರೆದ ಒಂದು ಕಥೆಯನ್ನೇ ತಿದ್ದಿ ಪಝ್ಲರ್ ಅಂತ ಹೊಸ ವಿಲನ್ ಮಾಡಿ ಮಾರಿಸ್ ಇವಾನ್ಸ್‌ಗೆ ಕೊಟ್ಟರು. ಇನ್ನೊಂದು ಕಥೆಗೆ ಜಾನ್ ಆಸ್ಟಿನ್‌ನನ್ನು ರಿಡ್ಲರ್ ಮಾಡಿದರು. ಒಳ್ಳೆ ನಟ, ಇಲ್ಲ ಅನ್ನಲ್ಲ. ಆದರೆ ಬೇರೆ ಮನೆ ಚಪ್ಪಲಿ ಹಾಕಿಕೊಂಡು ಬಂದವರ ಹಾಗೆ ಕಾಣುತ್ತಾನೆ.

ಕರಾವಳಿ ಕಾಗೆ

ಒಂದೇ ಪಾತ್ರಕ್ಕೆ ನಟರು ಒಬ್ಬೊಬ್ಬರಾಗಿ ಬದಲಾದದ್ದರಲ್ಲಿ ಮಿಸ್ಟರ್ ಫ್ರೀಝ್ ಅನ್ನುವ ವಿಲನ್‌ದೇ ದಾಖಲೆ. ಜಾರ್ಜ್ ಸ್ಯಾಂಡರ್ಸ್, ಆಟೊ ಪ್ರೆಮಿಂಜರ್, ಈಲೈ ವಾಲಕ್. ಪ್ರೆಮಿಂಜರ್ ದೊಡ್ಡ ನಿರ್ದೇಶಕ, ಸೆಟ್‌ನಲ್ಲಿ ಸಿಟ್ಟಿಗೆ ಹೆಸರಾದವನು. ಅವನು ಇಲ್ಲಿ ಬೋಳು ತಲೆಗೆ ಬಣ್ಣ ಹಚ್ಚಿಕೊಂಡು "ವೈಲ್ಡ್!" ಅನ್ನುತ್ತಾ ಓಡಾಡುತ್ತಾನೆ. ಕಾಮಿಕ್ಸ್‌ನಲ್ಲಿ ಈ ಪಾತ್ರದ ಹೆಸರು ಮೊದಲು ಮಿಸ್ಟರ್ ಜೀರೋ. ಸೀರಿಯಲ್ ನೋಡಿ ಕಾಮಿಕ್ಸ್‌ನವರೂ ಫ್ರೀಝ್ ಅಂತ ಬದಲಿಸಿಕೊಂಡರು.

ಬೇ ಏರಿಯಾ ಭಾವ

ಸ್ಯಾಂಡರ್ಸ್ ಹೆಸರು ಬಂದದ್ದಕ್ಕೆ ಒಂದು ಮಜಾ. "ಆಲ್ ಅಬೌಟ್ ಈವ್" ಸಿನಿಮಾಗೆ ಅವನಿಗೆ ಆಸ್ಕರ್ ಬಂದಿತ್ತು. ಅದರಲ್ಲಿ ಈವ್ ಆಗಿದ್ದವರು ಆನ್ ಬ್ಯಾಕ್ಸ್ಟರ್. 1966ರ ಫೆಬ್ರವರಿ ಮೊದಲ ವಾರ ಗಾಥಮ್‌ನಲ್ಲಿ ಸ್ಯಾಂಡರ್ಸ್ ಫ್ರೀಝ್ ಆಗಿ ಬಂದ. ಮರುವಾರವೇ ಬ್ಯಾಕ್ಸ್ಟರ್ ಜಾದೂಗಾರ್ತಿ ಝೆಲ್ಡಾ ಆಗಿ ಬಂದರು! ಆಕೆ ಮೂರನೇ ಸೀಸನ್‌ಗೆ ಮತ್ತೆ ಬಂದರು, ಈ ಸಲ ಕೊಸ್ಯಾಕರ ರಾಣಿ ಓಲ್ಗಾ ಆಗಿ, ಎಗ್‌ಹೆಡ್ ಜೊತೆ ಸೇರಿಕೊಂಡು.

ಗಂಡ ಹೆಂಡತಿ ಜೋಡಿಯೂ ಇದೆ. ಕ್ಲಿಫ್ ರಾಬರ್ಟ್ಸನ್ ಶೇಮ್ ಅನ್ನುವ ಕೌಬಾಯ್ ಕಳ್ಳ. 1968ರಲ್ಲಿ ಎರಡನೇ ಸಲ ಬಂದಾಗ ಜೊತೆಗೆ ಸ್ವಂತ ಹೆಂಡತಿ ಡೀನಾ ಮೆರಿಲ್ ಕೂಡ ಇದ್ದರು. ಮರುವರ್ಷ ಅದೇ ರಾಬರ್ಟ್ಸನ್ ಅತ್ಯುತ್ತಮ ನಟ ಅಂತ ಆಸ್ಕರ್ ತಗೊಂಡ. ಹಾಗಾಗಿ "ಕೆಲಸ ಇಲ್ಲದವರು ಬಂದರು" ಅನ್ನುವವರಿಗೆ ಇದೇ ಉತ್ತರ.

ಖಾಲಿ ಕುರ್ಚಿ

ಕೆಲಸ ಇಲ್ಲದವರು ಅಂತ ನಾನು ಹೇಳಲಿಲ್ಲ ಭಾವ. ಕೆಲಸ ಕೊಡಲಿಲ್ಲ ಅಂದೆ. ಕೊನೇ ಕಂತಿಗೆ ಝಾ ಝಾ ಗಬೋರ್ ಬಂದರು, ಮಿನರ್ವಾ ಅಂತ. ಕೂದಲು ಒಣಗಿಸುವ ಮಿಷನ್ನಿನಲ್ಲಿ ಸಾಹುಕಾರರ ಮನಸ್ಸಿನ ಗುಟ್ಟು ಕದಿಯುವುದು. ಎಂಥಾ ಐಡಿಯಾ! ಆಕೆ ಮಾಡಿದ್ದು "ಡಾರ್ಲಿಂಗ್" ಅಂದದ್ದಷ್ಟೇ. ನನ್ನ ಪ್ರಕಾರ ಹೆಸರಿಗೆ ಎದುರು ಉದಾಹರಣೆ ಫಾಲ್ಸ್ ಫೇಸ್. ಮುಖವಾಡದ ಕಳ್ಳ. ಟೈಟಲ್‌ನಲ್ಲಿ ನಟನ ಹೆಸರಿನ ಜಾಗದಲ್ಲಿ ಬರೀ ಒಂದು ಪ್ರಶ್ನೆ ಚಿಹ್ನೆ. ಎರಡನೇ ಕಂತು ಮುಗಿದಾಗ ಮಾತ್ರ ಮಲಕಾಯ್ ಥ್ರೋನ್ ಅಂತ ಹಾಕಿದರು. ಸ್ಟಾರ್ ಹೆಸರು ಮಾರುವ ಸೀರಿಯಲ್‌ನಲ್ಲಿ ಹೆಸರೇ ಮುಚ್ಚಿಟ್ಟ ವಿಲನ್. ನನ್ನ ಓಟು ಅವನಿಗೆ.

ಮೊಟ್ಟೆ ಮಾಸ್ತರ್

ಭೇಷ್. ಕುರ್ಚಿ ಖಾಲಿ ಇದ್ದರೂ ತಲೆ ತುಂಬಿದೆ.

ಸಿಟಿ ಬಸ್ ಸುಬ್ಬಿ

ಪೆಂಗ್ವಿನ್ ಬಗ್ಗೆ ಯಾರೂ ಹೇಳಲಿಲ್ಲ. ಬರ್ಜೆಸ್ ಮೆರೆಡಿತ್ ಸಿಗರೇಟು ಬಿಟ್ಟು ಇಪ್ಪತ್ತು ವರ್ಷ ಆಗಿತ್ತಂತೆ. ಪಾತ್ರಕ್ಕೆ ಉದ್ದ ಕೊಳವೆಯಲ್ಲಿ ಸಿಗರೇಟು ಸೇದಬೇಕು. ಹೊಗೆ ಗಂಟಲಿಗೆ ಹೋದರೆ ಕೆಮ್ಮು. ಟೇಕ್ ಹಾಳಾಗಬಾರದಲ್ಲ, ಅದಕ್ಕೆ ಕೆಮ್ಮು ಮುಚ್ಚಲು "ವ್ಯಾಕ್ ವ್ಯಾಕ್" ಅಂತ ಬಾತುಕೋಳಿ ಸದ್ದು ಶುರು ಮಾಡಿದ. ಅದೇ ಪೆಂಗ್ವಿನ್ ನಗು ಆಯಿತು! ಅವನು ಯಾವಾಗ ಹಾಲಿವುಡ್‌ಗೆ ಬಂದರೂ ಇರಲಿ ಅಂತ ಒಂದು ಪೆಂಗ್ವಿನ್ ಸ್ಕ್ರಿಪ್ಟ್ ಯಾವಾಗಲೂ ರೆಡಿ ಇಟ್ಟಿರುತ್ತಿದ್ದರಂತೆ.

ಗೋಡೆ ಹಲ್ಲಿ

ತಡವಾಗಿ ಬಂದೆ. ನನ್ನದು ವಿಲನ್ ಅಲ್ಲ, ಕಿಟಕಿ. ಬ್ಯಾಟ್‌ಮನ್, ರಾಬಿನ್ ಹಗ್ಗ ಹಿಡಿದು ಕಟ್ಟಡ ಹತ್ತುವಾಗ ಕಿಟಕಿ ತೆಗೆದು ಯಾರಾದರೂ ತಲೆ ಹೊರಗೆ ಹಾಕುತ್ತಾರಲ್ಲ. ಮೊದಲು ಇಣುಕಿದ್ದು ಜೆರ್ರಿ ಲೂಯಿಸ್. ಆಮೇಲೆ ಸ್ಯಾಮಿ ಡೇವಿಸ್ ಜೂನಿಯರ್, ಎಡ್ವರ್ಡ್ ಜಿ. ರಾಬಿನ್ಸನ್, ಒಂದು ಸಲ ಸಾಂತಾ ಕ್ಲಾಸ್ ಕೂಡ. ಇನ್ನೊಂದು ಸೀರಿಯಲ್‌ನ ಹೀರೋ ಗ್ರೀನ್ ಹಾರ್ನೆಟ್ ಜೊತೆ, ಅವನ ಜೊತೆಗಾರ ಕಾಟೋ ವೇಷದಲ್ಲಿ ಬ್ರೂಸ್ ಲೀ ಸಹ ಇಣುಕಿದ್ದಾನೆ.

ಹತ್ತುವುದು ಪೂರಾ ಸುಳ್ಳು. ಗೋಡೆಯನ್ನು ನೆಲಕ್ಕೆ ಮಲಗಿಸಿ, ಕ್ಯಾಮೆರಾ ಅಡ್ಡ ತಿರುಗಿಸಿ, ಇಬ್ಬರೂ ಬಗ್ಗಿಕೊಂಡು ನಡೆಯುವುದು. ಹಾಗಾದರೆ ಬೆನ್ನ ಮೇಲಿನ ಬಟ್ಟೆ ಸೊಂಟದ ಕಡೆಗೆ ಹೇಗೆ ಜೋತು ಬೀಳುತ್ತದೆ? ಅದಕ್ಕೆ ದಾರ ಕಟ್ಟಿ ಆಚೆ ಕಡೆಯಿಂದ ಎಳೆಯುತ್ತಿದ್ದರು. ಗಮನ ಇಟ್ಟು ನೋಡಿದರೆ ದಾರ ಬಿಗಿಯಾಗಿರುವುದು ಗೊತ್ತಾಗುತ್ತದೆ. ವಿಲನ್ ಅಡ್ಡಾ ಬಂದಾಗಲೂ ಕ್ಯಾಮೆರಾ ಓರೆ, ನೋಡಿ. ಅವರು ಸೊಟ್ಟ ಜನ, ಅದಕ್ಕೆ ಅವರ ಮನೆಯೂ ಸೊಟ್ಟ.

ಪ್ರಶ್ನೆ ಪತ್ರಿಕೆ

ಕ್ಲಾಕ್ ಕಿಂಗ್ ಕಂತು ಬಿಟ್ಟು ಹೋಯಿತು. ವಾಲ್ಟರ್ ಸ್ಲೆಝಾಕ್ ವಿಲನ್. ಸಾಧಾರಣ ಕಥೆ, ನೋಡಿ ಮರೆಯಬಹುದು. ಆದರೆ ಬರೆದವರ ಹೆಸರು ಬರುವಾಗ ನಿಲ್ಲಿಸಿ. ಇಬ್ಬರಲ್ಲಿ ಒಬ್ಬ ಬಿಲ್ ಫಿಂಗರ್. ಬ್ಯಾಟ್‌ಮನ್‌ನನ್ನು ಹುಟ್ಟಿಸಿದವರಲ್ಲಿ ಅರ್ಧ ಪಾಲು ಅವನದು. ಆದರೂ ಎಲ್ಲಾ ಕಡೆ ಜೊತೆಗಾರ ಬಾಬ್ ಕೇನ್ ಹೆಸರು ಮಾತ್ರ ಇರುತ್ತಿತ್ತು. ಫಿಂಗರ್ 1974ರಲ್ಲಿ ತೀರಿಕೊಂಡ. ಸೃಷ್ಟಿಕರ್ತ ಅಂತ ಅವನ ಹೆಸರನ್ನು ಅಧಿಕೃತವಾಗಿ ಸೇರಿಸಿದ್ದು 2015ರಲ್ಲಿ. ಅವನು ಬದುಕಿದ್ದಾಗ ಬ್ಯಾಟ್‌ಮನ್ ಕಥೆಯ ಕೆಳಗೆ ಅವನ ಹೆಸರು ಪರದೆ ಮೇಲೆ ಬಂದದ್ದು 1966ರ ಅಕ್ಟೋಬರ್‌ನ ಈ ಎರಡು ಕಂತಿನಲ್ಲಿ. ಅತಿಥಿ ವಿಲನ್‌ಗೆ ದೊಡ್ಡ ಕಾರ್ಡು, ಹುಟ್ಟಿಸಿದವನಿಗೆ ಎರಡು ಸೆಕೆಂಡು.

ಖಾಲಿ ಕುರ್ಚಿ

ಇದು ನನಗೆ ಗೊತ್ತಿರಲಿಲ್ಲ. ಇವತ್ತೇ ಹಾಕಿ ನೋಡುತ್ತೇನೆ.

ಬೇ ಏರಿಯಾ ಭಾವ

ಡಿಸ್ಕ್ ಬೇಕಾದವರಿಗೆ: ಹಕ್ಕಿನ ಜಗಳದಿಂದ ಈ ಸೀರಿಯಲ್ ದಶಕಗಟ್ಟಲೆ ಮನೆಗೆ ಕೊಂಡುಕೊಳ್ಳಲು ಸಿಗುತ್ತಿರಲಿಲ್ಲ. 2014ರ ನವೆಂಬರ್‌ನಲ್ಲಿ ಪೂರ್ತಿ ಸೆಟ್ ಬಂತು. ಹಳೇ ಸೆಟ್ ಕೊಳ್ಳುವಾಗ ಡಬ್ಬಿ ತೆಗೆದು ಡಿಸ್ಕ್ ಎಣಿಸಿ. ನನಗೆ ಒಬ್ಬರು ಮಾರಿದ್ದರಲ್ಲಿ ಎರಡನೇ ಸೀಸನ್‌ನ ಒಂದು ಡಿಸ್ಕ್ ಬದಲು ಯಾರದ್ದೋ ಮದುವೆ ವಿಡಿಯೋ ಇತ್ತು. ಮದುವೆ ಚೆನ್ನಾಗಿತ್ತು.

ಲಾಸ್ ಏಂಜಲೀಸ್‌ಗೆ ಬಂದರೆ ಗ್ರಿಫಿತ್ ಪಾರ್ಕಿನ ಬ್ರಾನ್ಸನ್ ಕ್ಯಾನ್ಯನ್‌ಗೆ ಹೋಗಿ. ಬ್ಯಾಟ್‌ಮೊಬೈಲ್ ನುಗ್ಗಿಬರುವ ಗುಹೆ ಅದೇ. ಕಾರು ನಿಲ್ಲಿಸಿ ಸ್ವಲ್ಪ ದೂರ ನಡೆದರೆ ಸಾಕು. ನಾನು ಹೋದಾಗ ಒಬ್ಬ ಅಜ್ಜ ಗುಹೆ ಬಾಯಲ್ಲಿ ನಿಂತು ಮೊಮ್ಮಗನಿಗೆ ಬ್ಯಾಟ್‌ಮನ್ ರಾಗ ಬಾಯಲ್ಲೇ ಹಾಡಿ ತೋರಿಸುತ್ತಿದ್ದ. ಮೊಮ್ಮಗ ಫೋನ್ ನೋಡುತ್ತಿದ್ದ.

ರೀಲು ಬಿಡೋನು

ಓಟು ಎಣಿಸಲು ಕೂತೆ, ಒಬ್ಬೊಬ್ಬರಿಗೆ ಒಂದೊಂದು. ಎಣಿಕೆ ಕೈಬಿಟ್ಟೆ.

ನಿನ್ನೆ ರಾತ್ರಿ ಮಗಳಿಗೆ ಕಿಂಗ್ ಟಟ್ ಮತ್ತೆ ಹಾಕಿದೆ. ಪೂರ್ತಿ ಕಂತು ಮಿಸುಕಾಡದೆ ನೋಡಿದಳು. ಮುಗಿದ ಮೇಲೆ ನಾನು ನೀರು ಕುಡಿಯಲು ಎದ್ದೆ. ಹಿಂದಿನಿಂದ ಬಂದು ದಿಂಬಿನಲ್ಲಿ ತಲೆಗೆ ಒಂದು ಬಾರಿಸಿ, ಮುಖ ನೋಡಿ ಕೇಳಿದಳು: "ಈಗ ಯಾರು?"

ಮೇಷ್ಟ್ರು ಅಂದೆ. ಇನ್ನೊಂದು ಬಿತ್ತು.